ಗ್ರೀನ್ ಹೈಡ್ರೋಜನ್ ಕೊಳ್ಳುವವರು ಯಾರು?

ಷೇರಿನಲ್ಲಿ ದುಡ್ಡು ಹಾಕುವ ಗೆಳೆಯರ ವಾಟ್ಸಾಪ್ ಗುಂಪು ನಮ್ಮದು. ಗ್ರೀನ್ ಹೈಡ್ರೋಜನ್ ಮಾತು ಬಂದರೆ ಸಾಕು, ಗುಂಪು ಎರಡು ಹೋಳಾಗುತ್ತದೆ. "ಸೋಲಾರ್ ಶುರುವಾದಾಗ ಸುಮ್ನೆ ನೋಡ್ತಾ ಕೂತ್ವಿ, ಈಗಲೂ ಕೂತರೆ ಹೇಗೆ?" ಅಂತ ಕೆಲವರು. ಉಳಿದವರು ಅಮೆರಿಕದ ಹೈಡ್ರೋಜನ್ ಕಂಪನಿ ಪ್ಲಗ್ ಪವರ್‌ನ ಷೇರು ಬಿದ್ದ ಚಾರ್ಟ್ ಹಾಕಿ, "ಇದನ್ನು ನೋಡಿ, ಆಮೇಲೆ ಮಾತಾಡಿ" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಜಗಳವೆಲ್ಲ ತಂತ್ರಜ್ಞಾನ ಗೆಲ್ಲುತ್ತದೋ ಸೋಲುತ್ತದೋ ಅನ್ನುವುದರ ಮೇಲೆಯೇ ನಡೆಯುತ್ತಿದೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ತಯಾರಾದ ಹೈಡ್ರೋಜನ್ನನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು? ಎಷ್ಟು ವರ್ಷ ಕೊಳ್ಳುತ್ತಾರೆ? ಇದನ್ನು ಸರ್ಕಾರ ಗಟ್ಟಿ ಮಾಡದೆ, ಬರೀ ಗುರಿಗಳನ್ನು ಘೋಷಿಸುತ್ತಾ ಹೋದರೆ, ಆ ಗುರಿಯ ಆಸೆಗೆ ಸಣ್ಣ ಹೂಡಿಕೆದಾರರ ಉಳಿತಾಯ ಕರಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ವಸ್ತುವನ್ನೇ ನೋಡೋಣ. ನೀರಿಗೆ ಕರೆಂಟ್ ಹಾಯಿಸಿದರೆ ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಮ್ಲಜನಕ ಬರುತ್ತದೆ. ಇದನ್ನು ಮಾಡುವ ಯಂತ್ರಕ್ಕೆ ಎಲೆಕ್ಟ್ರೊಲೈಸರ್ ಅನ್ನುತ್ತಾರೆ. ಕರೆಂಟ್ ಸೋಲಾರ್, ಗಾಳಿಯಿಂದ ಬಂದಿದ್ದರೆ ಅದು ಗ್ರೀನ್ ಹೈಡ್ರೋಜನ್. ಒಂದು ಕೆಜಿಗೆ 50ರಿಂದ 55 ಯೂನಿಟ್ ಕರೆಂಟ್ ಬೇಕು. ಅಂದರೆ ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಸಿಗುವ 200 ಯೂನಿಟ್‌ ಪೂರ್ತಿ ಸುರಿದರೂ 4 ಕೆಜಿ ಬರುವುದು ಕಷ್ಟ. ಯೂನಿಟ್ಟಿಗೆ ₹4 ಅಂತ ಹಿಡಿದರೂ ಕೆಜಿಗೆ ಕರೆಂಟಿನ ಖರ್ಚೇ ₹200 ದಾಟುತ್ತದೆ. ಯಂತ್ರದ ಬೆಲೆ, ಸಾಲದ ಬಡ್ಡಿ, ನೀರಿನ ಶುದ್ಧೀಕರಣ ಎಲ್ಲ ಬೇರೆ. ರಾತ್ರಿ ಸೋಲಾರ್ ಇಲ್ಲ, ಯಂತ್ರ ಸುಮ್ಮನೆ ನಿಲ್ಲುತ್ತದೆ, ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಕಂಪನಿಯ ರಿಫೈನರಿ, ಅಂದರೆ ಕಚ್ಚಾ ತೈಲ ಸಂಸ್ಕರಿಸುವ ಕಾರ್ಖಾನೆ ಇದೆ. ವರ್ಷಕ್ಕೆ 10,000 ಟನ್ ಗ್ರೀನ್ ಹೈಡ್ರೋಜನ್ ಬೇಕು ಅಂತ ಅವರು ಟೆಂಡರ್ ಕರೆದರು. 2025ರಲ್ಲಿ ಅದು ಎಲ್ ಅಂಡ್ ಟಿ ಸಮೂಹದ ಕಂಪನಿಗೆ ಸಿಕ್ಕಿತು. ಬೆಲೆ ಕೆಜಿಗೆ ₹397. ನೈಸರ್ಗಿಕ ಅನಿಲದಿಂದ ಮಾಡುವ ಮಾಮೂಲಿ ಹೈಡ್ರೋಜನ್ ಹೆಚ್ಚುಕಡಿಮೆ ಇದರ ಅರ್ಧ ದರಕ್ಕೆ ಸಿಗುತ್ತದೆ. ವ್ಯತ್ಯಾಸ ಕೆಜಿಗೆ ಸುಮಾರು ₹200 ಅಂತ ಇಟ್ಟುಕೊಂಡರೆ, ಇದೊಂದೇ ಘಟಕಕ್ಕೆ ವರ್ಷಕ್ಕೆ ₹200 ಕೋಟಿ ಹೆಚ್ಚುವರಿ ಖರ್ಚು.

ಈಗ ಇದೇ ಲೆಕ್ಕವನ್ನು ದೇಶದ ಗುರಿಗೆ ಹಾಕಿ ನೋಡಿ. 2023ರ ಜನವರಿ 4ರಂದು ಕೇಂದ್ರ ಸಂಪುಟ ರಾಷ್ಟ್ರೀಯ ಗ್ರೀನ್ ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಅನ್ನುವುದು ಗುರಿ. ಬರಬೇಕಾದ ಬಂಡವಾಳ ₹8 ಲಕ್ಷ ಕೋಟಿಗೂ ಹೆಚ್ಚು. ಸರ್ಕಾರ ತೆಗೆದಿಟ್ಟ ದುಡ್ಡು ₹19,744 ಕೋಟಿ, ಅದರಲ್ಲಿ ₹17,490 ಕೋಟಿ ಎಲೆಕ್ಟ್ರೊಲೈಸರ್ ಮತ್ತು ಹೈಡ್ರೋಜನ್ ತಯಾರಕರಿಗೆ ಪ್ರೋತ್ಸಾಹಧನ. 50 ಲಕ್ಷ ಟನ್‌ ಮೇಲೆ ಕೆಜಿಗೆ ₹200ರ ಅಂತರ ಅಂದರೆ ವರ್ಷಕ್ಕೆ ₹1 ಲಕ್ಷ ಕೋಟಿ! ಬೆಲೆ ಇಳಿಯುತ್ತದೆ, ಅಂತರ ಅರ್ಧವಾಗುತ್ತದೆ ಅಂತಲೇ ಒಪ್ಪೋಣ. ಆಗಲೂ ಮಿಷನ್ನಿನ ಪೂರ್ತಿ ದುಡ್ಡು ಆರು ತಿಂಗಳಿಗೂ ಸಾಲದು. ಉಳಿದದ್ದನ್ನು ಯಾರೋ ಒಬ್ಬರು ಕಟ್ಟಲೇಬೇಕು. ಗ್ರಾಹಕರೋ, ತೆರಿಗೆದಾರರೋ, ಷೇರುದಾರರೋ ಅನ್ನುವುದು ತೀರ್ಮಾನವಾಗಿಲ್ಲ. 2025ರಲ್ಲಿ ನವೀಕರಿಸಬಹುದಾದ ಇಂಧನ ಇಲಾಖೆಯ ಅಧಿಕಾರಿಗಳೇ, 2030ಕ್ಕೆ 30 ಲಕ್ಷ ಟನ್ ಆಗಬಹುದು, 50 ಲಕ್ಷಕ್ಕೆ 2032 ಬೇಕಾಗಬಹುದು ಎಂಬ ಮಾತು ಆಡಿದ್ದಾರೆ.

ಇಷ್ಟು ಹೇಳಿದ ಮೇಲೆ, ನಂಬಿದವರ ಕೈಯಲ್ಲಿರುವ ಬಲವಾದ ಸಾಕ್ಷಿಯನ್ನೂ ಹೇಳಬೇಕು. ನನ್ನ ಮನಸ್ಸು ಸ್ವಲ್ಪ ಬದಲಾಗಿದ್ದು ಇದರಿಂದಲೇ. ಸರ್ಕಾರಿ ಸೌರಶಕ್ತಿ ನಿಗಮವಾದ ಸೆಕಿ 2025ರಲ್ಲಿ ಗೊಬ್ಬರ ಕಾರ್ಖಾನೆಗಳಿಗೆ ಗ್ರೀನ್ ಅಮೋನಿಯಾ (ಗ್ರೀನ್ ಹೈಡ್ರೋಜನ್‌ನಿಂದ ಮಾಡಿದ ಅಮೋನಿಯಾ) ಪೂರೈಸಲು ಹರಾಜು ನಡೆಸಿತು. ಮೊದಲ ಹರಾಜು ಒಡಿಶಾದ ಪಾರಾದೀಪ್ ಫಾಸ್ಫೇಟ್ಸ್ ಕಾರ್ಖಾನೆಗೆ, ವರ್ಷಕ್ಕೆ 75,000 ಟನ್. ಗೆದ್ದ ಬೆಲೆ ಕೆಜಿಗೆ ₹55.75. ಆಮೇಲಿನ ಹರಾಜುಗಳಲ್ಲಿ ₹49.75ರವರೆಗೂ ಇಳಿಯಿತು. 2024ರಲ್ಲಿ ಜರ್ಮನಿಯವರ ಹರಾಜಿನಲ್ಲಿ ಇದೇ ಸರಕಿಗೆ ತಲುಪಿಸಿದ ಬೆಲೆ ಟನ್ನಿಗೆ 1,000 ಯೂರೋ, ಅಂದರೆ ಕೆಜಿಗೆ 1 ಯೂರೋ ಬಂದಿತ್ತು. ನಮ್ಮಲ್ಲಿ ಬಂದ ಬೆಲೆ ಹತ್ತಿರ ಹತ್ತಿರ ಅದರ ಅರ್ಧ.

ಯಾಕೆ ಇಳಿಯಿತು? ಹತ್ತು ವರ್ಷದ ಖರೀದಿ ಒಪ್ಪಂದ, ಪಾವತಿಗೆ ಭದ್ರತೆ, ಯಾವ ಕಾರ್ಖಾನೆಗೆ ಎಷ್ಟು ಟನ್ ಅನ್ನುವ ಸ್ಪಷ್ಟ ಪಟ್ಟಿ ಇತ್ತು. ಜೊತೆಗೆ ಮೊದಲ ಮೂರು ವರ್ಷ ಪ್ರೋತ್ಸಾಹಧನ. ಅಂದರೆ ಕೊಳ್ಳುವವರು ಎದುರಿಗೆ ಕೂತಿದ್ದರು. ಬ್ಯಾಂಕಿನವರಿಗೂ ಧೈರ್ಯ ಬರುತ್ತದೆ, ಬಡ್ಡಿಯೂ ತಗ್ಗುತ್ತದೆ. ಸೋಲಾರ್‌ನಲ್ಲೂ ಆಗಿದ್ದು ಇದೇ ಅಲ್ವಾ? 2010ರಲ್ಲಿ ಯೂನಿಟ್ಟಿಗೆ ₹12ರ ಆಸುಪಾಸು ಇದ್ದ ದರ 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ₹2.44ಕ್ಕೆ ಬಂತು. ಪ್ಯಾನಲ್ ಅಗ್ಗವಾಗಿದ್ದು ನಿಜ. ಅದರ ಜೊತೆಗೆ ವಿದ್ಯುತ್ ಸರಬರಾಜು ಕಂಪನಿಗಳು ಇಷ್ಟು ಪಾಲು ಹಸಿರು ಕರೆಂಟ್ ಕೊಳ್ಳಲೇಬೇಕು ಅನ್ನುವ ನಿಯಮ ಇತ್ತು, 25 ವರ್ಷದ ಖರೀದಿ ಒಪ್ಪಂದ ಇತ್ತು. ಸೋಲಾರ್ ಉದಾಹರಣೆ ಕೊಡುವ ಗೆಳೆಯರು ಈ ಅರ್ಧವನ್ನು ಬಿಟ್ಟು ಹೇಳುತ್ತಾರೆ.

ಗೊಬ್ಬರದ ವಿಷಯದಲ್ಲಿ ಒಂದು ತೊಡಕು ಇದೆ, ಹೂಡಿಕೆದಾರರಿಗೆ ಗೊತ್ತಿರಬೇಕು. ಸೆಕಿ ಹರಾಜು ಡಿಎಪಿ, ಎನ್‌ಪಿಕೆ ಥರದ ಗೊಬ್ಬರ ಮಾಡುವ ಕಾರ್ಖಾನೆಗಳಿಗೆ. ಇವರು ಅಮೋನಿಯಾವನ್ನು ಬಹುಪಾಲು ಹೊರದೇಶದಿಂದ ತರಿಸುತ್ತಾರೆ, ಹಾಗಾಗಿ ಬದಲಿ ಸುಲಭ. ನಮ್ಮ ರೈತರು ಜಾಸ್ತಿ ಹಾಕುವುದು ಯೂರಿಯಾ. ಯೂರಿಯಾ ಮಾಡಲು ಅಮೋನಿಯಾ ಜೊತೆ ಕಾರ್ಬನ್ ಡೈಆಕ್ಸೈಡ್ ಕೂಡ ಬೇಕು. ಈಗ ಅದು ನೈಸರ್ಗಿಕ ಅನಿಲದಿಂದಲೇ ಬರುತ್ತದೆ. ಗ್ರೀನ್ ಅಮೋನಿಯಾ ತಂದರೆ ಆ ಕಾರ್ಬನ್ ಡೈಆಕ್ಸೈಡ್ ಬೇರೆ ಕಡೆಯಿಂದ ಹೊಂದಿಸಬೇಕು. ಆದ್ದರಿಂದ "ದೇಶದ ಗೊಬ್ಬರ ಎಲ್ಲ ಹಸಿರಾಗುತ್ತದೆ, ಮಾರುಕಟ್ಟೆ ಇಷ್ಟು ದೊಡ್ಡದು" ಅಂತ ಯಾರಾದರೂ ಸ್ಲೈಡ್ ತೋರಿಸಿದರೆ, ಯೂರಿಯಾ ಸೇರಿಸಿದ್ದಾರಾ ಅಂತ ಕೇಳಿ.

ಕೊಳ್ಳುವವರು ಎದುರಿಗೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ನಿದರ್ಶನ ಇದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ವಿಜಯನಗರ ಉಕ್ಕು ಕಾರ್ಖಾನೆ ಪಕ್ಕದಲ್ಲೇ ಜೆಎಸ್‌ಡಬ್ಲ್ಯೂ ಎನರ್ಜಿ 2025ರ ಕೊನೆಗೆ ಗ್ರೀನ್ ಹೈಡ್ರೋಜನ್ ಘಟಕ ಶುರು ಮಾಡಿತು. ವರ್ಷಕ್ಕೆ 3,800 ಟನ್. ಕೊಳ್ಳುವವರು ಪಕ್ಕದ ಜೆಎಸ್‌ಡಬ್ಲ್ಯೂ ಸ್ಟೀಲ್, ಏಳು ವರ್ಷದ ಒಪ್ಪಂದ. ಜೊತೆಗೆ ಬರುವ ಆಮ್ಲಜನಕವನ್ನೂ ಅವರೇ ತಗೊಳ್ಳುತ್ತಾರೆ. ಹಡಗಿಲ್ಲ, ಉದ್ದದ ಪೈಪ್‌ಲೈನ್ ಇಲ್ಲ, ಸಂಗ್ರಹದ ತಲೆನೋವು ಕಡಿಮೆ. ಇದು ಕೆಲಸ ಮಾಡುವ ಮಾದರಿ, ನನಗೆ ಇದರ ಬಗ್ಗೆ ಹೆಮ್ಮೆ ಇದೆ. ಆದರೆ ಗಾತ್ರ ನೋಡಿ. 50 ಲಕ್ಷ ಟನ್ ಮುಟ್ಟಲು ಇಂಥ ಸುಮಾರು 1,300 ಘಟಕ ಬೇಕು. ಇನ್ನೊಂದು ಮಾತು, ಈ ಘಟಕವನ್ನು ನಂಬಿ ಜೆಎಸ್‌ಡಬ್ಲ್ಯೂ ಎನರ್ಜಿ ಷೇರು ಕೊಂಡರೆ ನೀವು ಕೊಂಡಿದ್ದು ಮುಖ್ಯವಾಗಿ ಒಂದು ವಿದ್ಯುತ್ ಕಂಪನಿಯನ್ನು. ಹೈಡ್ರೋಜನ್ ಅದರ ವ್ಯವಹಾರದಲ್ಲಿ ಬಹಳ ಚಿಕ್ಕ ಪಾಲು.

ನಮ್ಮ ಷೇರುಪೇಟೆಯ ದೊಡ್ಡ ಗೊಂದಲ ಇದೇ. ಗ್ರೀನ್ ಹೈಡ್ರೋಜನ್ ಷೇರು ಅಂತ ಪಟ್ಟಿ ಮಾಡಿ ಹಂಚುವುದರಲ್ಲಿ ಬಹುತೇಕ ಎಲ್ಲವೂ ಬೇರೆ ವ್ಯವಹಾರದಿಂದ ಬದುಕುವ ಕಂಪನಿಗಳು. ರಿಲಯನ್ಸ್, ಎಲ್ ಅಂಡ್ ಟಿ, ಎನ್‌ಟಿಪಿಸಿ ಗ್ರೀನ್, ಇಂಡಿಯನ್ ಆಯಿಲ್. ಪಾರಾದೀಪ್ ಹರಾಜು ಗೆದ್ದಿದ್ದು ಆಕ್ಮೆ ಕ್ಲೀನ್‌ಟೆಕ್. ಷೇರುಪೇಟೆಯಲ್ಲಿ ಸಿಗುವುದು ಆಕ್ಮೆ ಸೋಲಾರ್ ಹೋಲ್ಡಿಂಗ್ಸ್. ಕ್ಲೀನ್‌ಟೆಕ್ ಅನ್ನುವುದು ಅದರ ಪ್ರವರ್ತಕ, ಅಂದರೆ ಅದರ ಮೇಲೆ ಹಿಡಿತ ಇರುವ ಕಂಪನಿ. ಈ ಕ್ಲೀನ್‌ಟೆಕ್ ಷೇರು ಪೇಟೆಯಲ್ಲಿಲ್ಲ. ಹೆಸರು ಒಂದೇ ಥರ ಇದೆ ಅಂತ ಕೊಳ್ಳುವವರು ಇಷ್ಟನ್ನಾದರೂ ನೋಡಬೇಕು.

ಒಡಂಬಡಿಕೆ ಸುದ್ದಿಗಳ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. 2022ರಲ್ಲಿ ನಮ್ಮ ರಾಜ್ಯ ಸರ್ಕಾರ ಮಂಗಳೂರಿನ ಗ್ರೀನ್ ಹೈಡ್ರೋಜನ್ ಮತ್ತು ಅಮೋನಿಯಾ ಘಟಕಕ್ಕೆ ₹52,000 ಕೋಟಿಯ ಒಡಂಬಡಿಕೆ ಮಾಡಿಕೊಂಡಿತು. ಅದೇ ವರ್ಷ ₹50,000 ಕೋಟಿಯ ಇನ್ನೊಂದು ದಾವೋಸ್‌ನಲ್ಲಿ ಆಯಿತು. ಪತ್ರಿಕೆಗಳ ಮುಖಪುಟದಲ್ಲಿ ಬಂತು, ಜನ ಕೆಲಸ ಬಂತು ಅಂದುಕೊಂಡರು. ಒಡಂಬಡಿಕೆ ಅಂದರೆ ಆಸಕ್ತಿ ತೋರಿಸಿದ ಕಾಗದ, ಯಾರನ್ನೂ ಕಟ್ಟಿಹಾಕುವುದಿಲ್ಲ. ಕಂಪನಿಗಳು ಷೇರುಪೇಟೆಗೆ ಕೊಡುವ ಪ್ರಕಟಣೆಯಲ್ಲೂ ಇದೇ ಆಟ. ಮೇಲೆ ದಪ್ಪ ಅಕ್ಷರದಲ್ಲಿ ಸಾವಿರಾರು ಕೋಟಿ, ಕೆಳಗೆ ಮೂರನೇ ಪ್ಯಾರಾದಲ್ಲಿ ಬದ್ಧತೆ ಇಲ್ಲದ ಒಪ್ಪಂದ ಅನ್ನುವ ಸಾಲು. ಅಷ್ಟರಲ್ಲಿ ಷೇರು ಅಪ್ಪರ್ ಸರ್ಕ್ಯೂಟ್ (ಒಂದು ದಿನದಲ್ಲಿ ಏರಬಹುದಾದ ಗರಿಷ್ಠ ಮಿತಿ) ಹೊಡೆದಿರುತ್ತದೆ. ಇಂಥ ಪ್ರಕಟಣೆಯ ಮೊದಲ ಸಾಲಿನಲ್ಲೇ "ಖರೀದಿದಾರರು ಇನ್ನೂ ನಿಗದಿಯಾಗಿಲ್ಲ" ಅಂತ ಬರೆಯಬೇಕು ಎಂಬ ನಿಯಮವನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ತರಬೇಕು.

ಪ್ಲಗ್ ಪವರ್ ಕಥೆಗೆ ಬರುತ್ತೇನೆ. ಅಮೆರಿಕದಲ್ಲಿರುವ ನಮ್ಮ ಹುಡುಗರು ಅನೇಕರು ಈ ಷೇರು ಇಟ್ಟುಕೊಂಡಿದ್ದಾರೆ. 2021ರ ಜನವರಿಯಲ್ಲಿ 70 ಡಾಲರ್ ದಾಟಿದ್ದ ಷೇರು 2025ರ ಮೇ ತಿಂಗಳಲ್ಲಿ 1 ಡಾಲರ್‌ಗಿಂತ ಕೆಳಗೆ ಹೋಯಿತು. 2023ರ ನವೆಂಬರಿನಲ್ಲಿ ಕಂಪನಿಯೇ, ದುಡ್ಡು ಹೊಂದದಿದ್ದರೆ ಮುಂದುವರಿಯುವುದು ಅನುಮಾನ ಅಂತ ಎಚ್ಚರಿಕೆ ಕೊಟ್ಟಿತ್ತು. ಕಂಪನಿಯ ತಪ್ಪುಗಳೂ ಇವೆ. ಆದರೆ ನೀತಿಯ ಕಥೆ ಕೇಳಿ. 2022ರ ಆಗಸ್ಟಿನಲ್ಲಿ ಕೆಜಿಗೆ 3 ಡಾಲರ್‌ವರೆಗೆ ತೆರಿಗೆ ವಿನಾಯಿತಿ ಕೊಡುವ ಕಾನೂನು ಬಂತು. ಯಾವ ಕರೆಂಟ್ ಬಳಸಿದರೆ ಸಿಗುತ್ತದೆ ಅನ್ನುವ ಅಂತಿಮ ನಿಯಮ ಬರಲು 2025ರ ಜನವರಿ ಆಯಿತು. ಅದೇ ವರ್ಷ ಜುಲೈ 4ರಂದು ಹೊಸ ಸರ್ಕಾರ ಗಡುವು ಮೊಟಕು ಮಾಡಿತು. 2032ರ ಕೊನೆಯವರೆಗೆ ಕಾಮಗಾರಿ ಶುರು ಮಾಡಬಹುದಿತ್ತು, ಈಗ 2027ರ ಕೊನೆಯೊಳಗೆ ಶುರು ಮಾಡಬೇಕು. ನಿಯಮ ಬರೆಯಲು ಎರಡೂವರೆ ವರ್ಷ, ಕತ್ತರಿಸಲು ಆರು ತಿಂಗಳು.

ರಫ್ತು ನಂಬಿದವರಿಗೂ ಇದೇ ಪಾಡು. ಹಡಗುಗಳ ಹೊಗೆಗೆ ಬೆಲೆ ಕಟ್ಟುವ ಅಂತಾರಾಷ್ಟ್ರೀಯ ನಿಯಮ ಬಂದರೆ ಗ್ರೀನ್ ಅಮೋನಿಯಾ ಹಡಗಿನ ಇಂಧನವಾಗುತ್ತದೆ ಎಂಬ ಲೆಕ್ಕ ಇತ್ತು. 2025ರ ಅಕ್ಟೋಬರಿನಲ್ಲಿ ಆ ಮತದಾನವನ್ನೇ ಒಂದು ವರ್ಷ ಮುಂದೂಡಿದರು.

ನಮ್ಮಲ್ಲಿ ಹೀಗಾಗಲ್ಲ ಅನ್ನುವವರು ಎಥೆನಾಲ್ ನೆನಪು ಮಾಡಿಕೊಳ್ಳಿ. ತೈಲ ಕಂಪನಿಗಳು ಕೊಳ್ಳಲೇಬೇಕು ಅಂತ ಸರ್ಕಾರ ನಿಂತಿತು. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳು ಡಿಸ್ಟಿಲರಿ ಕಟ್ಟಿದವು. ಪೆಟ್ರೋಲಿನಲ್ಲಿ ಎಥೆನಾಲ್ ಪಾಲು 2022ಕ್ಕೆ ಶೇ 10, 2025ಕ್ಕೆ ಶೇ 20 ಆಯಿತು. ಕೊಳ್ಳುವವರು ಗಟ್ಟಿ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇದು ಪುರಾವೆ. ಆದರೆ 2023ರ ಡಿಸೆಂಬರ್ 7ರಂದು, ಮಳೆ ಕೈಕೊಟ್ಟು ಸಕ್ಕರೆ ಕಡಿಮೆಯಾಗುವ ಭಯಕ್ಕೆ, ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬೇಡಿ ಅಂತ ಒಂದು ಆದೇಶ ಬಂತು. ಅವತ್ತೇ ಸಕ್ಕರೆ ಷೇರುಗಳು ಕುಸಿದವು. ಒಂದು ವಾರದಲ್ಲಿ ಸ್ವಲ್ಪ ಸಡಿಲ ಮಾಡಿದರು. ಅಷ್ಟರಲ್ಲಿ ಹೆದರಿ ಮಾರಿದವರು ಸಣ್ಣ ಹೂಡಿಕೆದಾರರೇ.

ಹಾಗಾದರೆ ಸರ್ಕಾರ ಏನು ಮಾಡಬೇಕು? ಕಾನೂನು ಆಗಲೇ ಇದೆ. 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಕಾಯ್ದೆಯಲ್ಲಿ, ದೊಡ್ಡ ಬಳಕೆದಾರರು ಗ್ರೀನ್ ಹೈಡ್ರೋಜನ್, ಗ್ರೀನ್ ಅಮೋನಿಯಾ ಸೇರಿ ಪಳೆಯುಳಿಕೆಯಲ್ಲದ ಇಂಧನವನ್ನು ಇಷ್ಟು ಪಾಲು ಬಳಸಬೇಕು ಅಂತ ಗೊತ್ತುಪಡಿಸುವ ಅಧಿಕಾರ ಕೇಂದ್ರಕ್ಕೆ ಇದೆ. ರಿಫೈನರಿಗಳಿಗೆ, ಗೊಬ್ಬರ ಕಾರ್ಖಾನೆಗಳಿಗೆ ಇಂಥ ಕಡ್ಡಾಯ ತರುತ್ತೇವೆ ಅಂತ 2021ರಿಂದಲೇ ಮಾತು ನಡೆದಿದೆ. ಗ್ರೀನ್ ಹೈಡ್ರೋಜನ್‌ಗೆ ಮಾತ್ರ ಆ ಆದೇಶ ಇನ್ನೂ ಹೊರಬಿದ್ದಿಲ್ಲ. ದೇಶ ಈಗ ಬಳಸುವ ಹೈಡ್ರೋಜನ್ನಿನ ಬಹುಪಾಲು ಹೋಗುವುದು ಈ ಎರಡೇ ಕಡೆಗೆ. ಮಂಗಳೂರಿಗೆ ಹೋಗಿ ನೋಡಿ, ರಿಫೈನರಿಯೂ ಗೊಬ್ಬರ ಕಾರ್ಖಾನೆಯೂ ಒಂದೇ ಊರಿನಲ್ಲಿವೆ.

ಕಡ್ಡಾಯ ಮಾಡಿದರೆ ಪೆಟ್ರೋಲ್ ಬೆಲೆ, ಗೊಬ್ಬರದ ಸಬ್ಸಿಡಿ ಏರುತ್ತದೆ ಅನ್ನುವ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೇ ಶೇ 2, 3ರಿಂದ ಶುರು ಮಾಡಿ ಅನ್ನುತ್ತೇನೆ. ರಿಫೈನರಿಗೆ ಅಷ್ಟು ಪಾಲು ಹೊರೆ ದೊಡ್ಡದಲ್ಲ. ಗೊಬ್ಬರದ ಹೆಚ್ಚುವರಿ ಖರ್ಚನ್ನು ರೈತರ ಮೇಲೆ ಹಾಕದೆ ಮಿಷನ್ ದುಡ್ಡಿನಿಂದಲೇ ತುಂಬಲಿ. ಹತ್ತು ವರ್ಷದ ವೇಳಾಪಟ್ಟಿ ಒಮ್ಮೆಗೇ ಪ್ರಕಟಿಸಲಿ, ಎಥೆನಾಲ್‌ನಲ್ಲಿ ಮಾಡಿದ ಹಾಗೆ ನಡುವೆ ಕೈ ಹಾಕುವುದಿಲ್ಲ ಅನ್ನುವ ಭರವಸೆಯೂ ಅದರಲ್ಲೇ ಇರಲಿ.

ಅಲ್ಲಿಯವರೆಗೆ ನಾನು ಷೇರು ನೋಡುವ ರೀತಿ ಹೇಳಿಬಿಡುತ್ತೇನೆ, ಸಲಹೆ ಅಂತ ತಗೋಬೇಡಿ. ಕಂಪನಿಯ ಈಗಿನ ವ್ಯವಹಾರದ ಲಾಭಕ್ಕೆ ಷೇರಿನ ಬೆಲೆ ಸರಿ ಅನ್ನಿಸಿದರೆ ಮಾತ್ರ ಕೊಳ್ಳುತ್ತೇನೆ. ಹೈಡ್ರೋಜನ್‌ಗೆ ಅಂತ ಒಂದು ರೂಪಾಯಿಯನ್ನೂ ಮೇಲೆ ಕೊಡುವುದಿಲ್ಲ. ಸಹಿಯಾದ ಖರೀದಿ ಒಪ್ಪಂದ, ಎಷ್ಟು ವರ್ಷ, ಯಾವ ದರ ಅನ್ನುವುದು ಬಂದ ದಿನ ಲೆಕ್ಕ ಮತ್ತೆ ಮಾಡುತ್ತೇನೆ.

ನವೀಕರಿಸಬಹುದಾದ ಇಂಧನ ಖಾತೆ ಈಗ ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಅವರ ಕೈಯಲ್ಲಿದೆ. ಆ ಭಾಗದ ಗೆಳೆಯರು ಈ ಬರಹ ಓದುತ್ತಿದ್ದರೆ, ಅವರು ಊರಿಗೆ ಬಂದಾಗ ಇದೊಂದನ್ನು ಕೇಳಿ: ಸರ್, ರಿಫೈನರಿಗಳಿಗೆ ಕಡ್ಡಾಯ ಖರೀದಿ ಆದೇಶ ಯಾವಾಗ?