ಒದ್ದೆ ಕೈ ಮಾತು ಫೋನ್ ಕೇಳಲ್ಲ

ಲೇಖನ ಚೆನ್ನಾಗಿದೆ ಸರ್, ಕಣ್ಣು ಕಿವಿ ಸ್ಪರ್ಶ ಮೂರನ್ನೂ ನೋಡ್ಕೊಂಡೇ ಫೋನ್ ಡಿಸೈನ್ ಮಾಡ್ತಾರೆ ಅಂತ ಬರ್ದಿದೀರಿ, ಒಪ್ತೀನಿ, ಆದ್ರೆ ಯಾರ ಬೆರಳು ನೋಡಿ ಮಾಡಿದ್ದು ಅನ್ನೋದೇ ನನ್ ಡೌಟು. ನಮ್ದು ತೀರ್ಥಹಳ್ಳಿ ಕಡೆ, ಜುಲೈ ತಿಂಗ್ಳಲ್ಲಿ ಇಲ್ಲಿ ಕೈ ಒಣಗಿರೋದೇ ಅಪರೂಪ. ತೋಟದಲ್ಲಿ ಮಳೆಗೆ ಹೊದ್ಕೊಂಡ ಕಂಬಳಿಕೊಪ್ಪೆ ಒಳಗಿಂದ ಫೋನ್ ತೆಗೆದ್ರೆ ನಾಲ್ಕು ಹನಿ ಬಿದ್ದಿದ್ದೇ ಸೈ, ತಾನೇ ಯಾರ್ಯಾರಿಗೋ ಕಾಲ್ ಹೋಗತ್ತೆ, ಹೋದ್ವಾರ ಬೀಗರಿಗೇ ಹೋಗಿ ನಾನು ಮಂಗಗಳಿಗೆ ಬೈತಿದ್ದಿದ್ದೆಲ್ಲ ಅವ್ರು ಕೇಳಿಸ್ಕೊಂಡಿದಾರೆ. ಈ ಸ್ಕ್ರೀನ್ ಒತ್ತಡ ನೋಡಲ್ವಂತೆ, ಬೆರಳು ತಾಗಿದಾಗ ವಿದ್ಯುತ್ ಚಾರ್ಜ್ ಬದಲಾಗೋದನ್ನ ನೋಡತ್ತೆ, ನೀರೂ ಅದೇ ಕೆಲ್ಸ ಮಾಡೋದ್ರಿಂದ ಅದಕ್ಕೆ ಗೊಂದ್ಲ. ಹಳೇ ಕೀಪ್ಯಾಡ್ ಸೆಟ್ಟಲ್ಲಿ 5ರ ಮೇಲೆ ಸಣ್ಣ ಉಬ್ಬು ಇರ್ತಿತ್ತಲ್ಲ, ಕಣ್ಣು ಮುಚ್ಕೊಂಡು ನಂಬರ್ ಒತ್ತಬಹುದಿತ್ತು.

ನಮ್ಮಮ್ಮಂದು ಬೇರೆ ಕಥೆ. 40 ವರ್ಷ ಮೆಟ್ಟುಗತ್ತೀಲಿ ಅಡಿಕೆ ಸುಲಿದ ಹೆಬ್ಬೆರಳು, ಗೆರೆ ಎಲ್ಲಿ ಉಳಿದಿರತ್ತೆ? ರೇಷನ್ ಅಂಗಡೀಲಿ ಸೆರಗಲ್ಲಿ ಒರೆಸಿ ಒರೆಸಿ ಇಟ್ರೂ ಮಷೀನ್ ಒಪ್ಪಲ್ಲ, ಕೊನೆಗೆ ಓಟಿಪಿ. ಅದೇ ಬೆರಳಿಗೆ ಅಡಿಕೆ ಒಣಗಿದ್ಯಾ ಇಲ್ವಾ ಅನ್ನೋದು ಮುಟ್ಟಿದ ತಕ್ಷಣ ಗೊತ್ತಾಗತ್ತೆ ಮಾರಾಯ್ರೆ!

ಮತ್ತೆ ವಾಸನೆ ವಿಷ್ಯ ನೀವು ಬಿಟ್ಟೇಬಿಟ್ರಿ. ಬೆಂಗಳೂರಲ್ಲಿರೋ ಮಗ ಸುಗ್ಗೀಲಿ ವಿಡಿಯೋ ಕಾಲ್ ಮಾಡಿ ಅಡಿಕೆ ಬೇಯಿಸೋ ಹಂಡೆ ತೋರ್ಸು ಅಂತಾನೆ, ತೋರಿಸ್ತೀನಿ, ಆದ್ರೆ ಆ ಚೊಗರಿನ (ಅಡಿಕೆ ಬೆಂದ ನೀರಿನ) ಘಮ ಅಲ್ಲೀವರೆಗೂ ಹೋಗಲ್ವಲ್ಲ, ಅಪ್ಪಾ ಬರೀ ಹಬೆ ಕಾಣ್ತಿದೆ, ಕ್ಯಾಮೆರಾ ಒರೆಸು ಅಂತಾನೆ.