ರಸ್ತೆಗೆ ಕಾಣುವಷ್ಟು ಸುಣ್ಣ

ಬಳ್ಳಾರಿಗೆ ಮಂತ್ರಿಗಳು ಬರುತ್ತಾರೆಂಬುದು ಪತ್ರಿಕೆಯವರಿಗಿಂತ ಮೊದಲು ಸುಣ್ಣ ಮಾರುವವರಿಗೆ ತಿಳಿಯುತ್ತದೆ. ಪ್ರವಾಸದ ಪಟ್ಟಿ ಹೊರಬೀಳುವ ಮುನ್ನವೇ ಪ್ರವಾಸಿ ಮಂದಿರದ ಕಾಂಪೌಂಡು, ರಸ್ತೆ ವಿಭಜಕದ ಕಲ್ಲು, ಬೇವಿನ ಮರದ ಬುಡ, ಎಂದೋ ಬತ್ತಿಹೋದ ನಲ್ಲಿಯ ಕಟ್ಟೆ ಎಲ್ಲವೂ ಬೆಳ್ಳಗಾಗಿ, ಅಂಚಿಗೊಂದು ಕೆಮ್ಮಣ್ಣಿನ ಪಟ್ಟೆ ಬಳಿಸಿಕೊಂಡು ಸಾಹೇಬರ ದಾರಿ ಕಾಯುತ್ತವೆ. ಗೋಡೆಯ ಯಾವ ಮಗ್ಗುಲಿಗೆ ಸುಣ್ಣ ಬೀಳಬೇಕೆಂಬುದನ್ನು ಕಾರಿನ ಕಿಟಕಿ ನಿರ್ಧರಿಸುತ್ತದೆ. ಹಿಂಬದಿಗೆ ಹೋಗಿ ನೋಡಿದರೆ ಹೋದ ಚುನಾವಣೆಯ ಭಿತ್ತಿಪತ್ರಗಳು ಇನ್ನೂ ಮತ ಕೇಳುತ್ತಿರುತ್ತವೆ.

ಈ ಶ್ರಮವನ್ನು ಹಗುರವಾಗಿ ಕಾಣುವಂತಿಲ್ಲ, ಏಕೆಂದರೆ ನಮ್ಮ ಸೀಮೆಯಲ್ಲಿ ಬಿಳುಪನ್ನು ಕಾಪಾಡಿಕೊಳ್ಳುವುದು ಸುಲಭದ ಮಾತಲ್ಲ. ಸಂಡೂರು, ತೋರಣಗಲ್ಲಿನ ಕಡೆ ಅದಿರಿನ ಲಾರಿಗಳು ಓಡಾಡುವ ದಾರಿಯಲ್ಲಿ ಬೇವಿನ ಎಲೆಗೂ ಎಮ್ಮೆಯ ಬೆನ್ನಿಗೂ ಒಂದೇ ಬಣ್ಣ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಗೋಂದು ಬೆರೆಸಿ, ಗೋಡೆಯ ಧೂಳನ್ನು ಪೂರ್ತಿಯಾಗಿ ಕೊಡವಿದ ಮೇಲಷ್ಟೇ ಕುಂಚ ಮುಟ್ಟಬೇಕೆಂಬುದು ಕಸುಬುದಾರರು ಪಾಲಿಸುವ ಕ್ರಮ. ಧೂಳಿನ ಮೇಲೆಯೇ ಎಳೆದರೆ ಅದು ಹಕ್ಕಳೆಯೇಳುತ್ತದೆ. ಬಳಿದ ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮರಳಿ ಸುಣ್ಣದ ಕಲ್ಲೇ ಆಗುತ್ತದೆ, ಮತ್ತು ಅದಕ್ಕೆ ವಾರಗಟ್ಟಲೆ ಸಮಯ ಬೇಕು. ಮಂತ್ರಿಗಳಿಗೆ ಅಷ್ಟು ಪುರಸೊತ್ತಿಲ್ಲದ್ದರಿಂದ, ಸಂಜೆ ಬಳಿದದ್ದು ಬೆಳಿಗ್ಗೆ ಸ್ವಾಗತಕ್ಕೆ ಬಂದವರ ಬೆನ್ನಿಗಂಟಿ ಊರೆಲ್ಲ ಸುತ್ತುತ್ತದೆ.

ಧೂಳು ಕೊಡವದೆಯೂ ಬಾಳಿಕೆ ಬರುವ ಸುಣ್ಣ ಇನ್ನೊಂದಿದೆ. ಅದನ್ನು ಬಳಿಯುವುದು ಕಡತಗಳಿಗೆ.

2011ರ ಜುಲೈನಲ್ಲಿ ಲೋಕಾಯುಕ್ತ ವರದಿಯು ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟವನ್ನು 16 ಸಾವಿರ ಕೋಟಿ ರೂಪಾಯಿಗೂ ಮಿಗಿಲೆಂದು ಲೆಕ್ಕ ಹಾಕಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, 2013ರಲ್ಲಿ ಅತಿ ಹೆಚ್ಚು ಅಕ್ರಮದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಇಷ್ಟೆಲ್ಲ ಆದ ಮೇಲೂ ಇಲ್ಲಿನ ವೇದಿಕೆಗಳ ಭಾಷಣ ಕೇಳಿದವರಿಗೆ, ನಮ್ಮ ಗುಡ್ಡಗಳು ಬೇಸರವಾಗಿ ತಾವೇ ಎದ್ದು ಬಂದರಿಗೆ ನಡೆದುಹೋದವೇನೋ ಎನಿಸಬೇಕು. ‘ಕೇವಲ ತಾಂತ್ರಿಕ ಲೋಪ’ ಎಂಬುದು ಮೊದಲ ಕೋಟು, ‘ರಾಜಕೀಯ ಪ್ರೇರಿತ’ ಎಂಬುದು ಎರಡನೆಯದು, ‘ಮುಗಿದುದನ್ನು ಕೆದಕುವುದೇಕೆ’ ಎಂಬುದು ಮೂರನೆಯದು. ನಡುವೆ ಪಕ್ಷ ಬದಲಾಯಿಸಿಬಿಟ್ಟರೆ ಅದು ಸುಣ್ಣವಲ್ಲ, ಅಪ್ಪಟ ಡಿಸ್ಟೆಂಪರ್. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎನ್ನುವ ಗಾದೆಯನ್ನೂ ನಾವು ಸುಧಾರಿಸಿಕೊಂಡಿದ್ದೇವೆ: ಬೆಣ್ಣೆಯಷ್ಟೂ ಅಗೆದವರಿಗೆ, ಸುಣ್ಣ ನೋಡುತ್ತ ನಿಂತವರ ಎರಡೂ ಕಣ್ಣಿಗೆ.

2024ರಲ್ಲಿ ನ್ಯೂಜಿಲೆಂಡ್ ತಂಡವು ನಮ್ಮ ನೆಲದಲ್ಲೇ ಮೂರೂ ಟೆಸ್ಟ್ ಪಂದ್ಯಗಳನ್ನು ಗೆದ್ದಾಗ, ವೈಟ್‌ವಾಷ್ ಆಯಿತೆಂದು ಚಹದಂಗಡಿಗಳಲ್ಲೆಲ್ಲ ಆಟಗಾರರಿಗೆ ಮಂಗಳಾರತಿ ಆಯಿತು. ರಾಜಕಾರಣದಲ್ಲಿ ವೈಟ್‌ವಾಷ್ ಆದವರಿಗೆ ಕ್ರೇನಿನಿಂದ ಸೇಬಿನ ಹಾರ ಇಳಿಯುತ್ತದೆ. ಇವೆರಡೂ ಒಂದೇ ದೇಶದ ಆಟಗಳೆಂದು ಮಕ್ಕಳಿಗೆ ವಿವರಿಸುವುದು ಕಷ್ಟ.

ರಸ್ತೆ ಹಾಕಿದ ಗುತ್ತಿಗೆದಾರನ ಮೇಲೆ ಇಂತಿಷ್ಟು ಕಾಲ ಅದನ್ನು ದುರಸ್ತಿ ಮಾಡುವ ಹೊಣೆ ಇರುವಂತೆ, ನಿರ್ದೋಷಿಯೆಂದು ಬರೆದುಕೊಡುವ ಸಮಿತಿಗಳ ಮೇಲೂ ಒಂದು ಹೊಣೆ ಇರಲಿ. ಸಹಿ ಹಾಕುವ ಮುನ್ನ ಸದಸ್ಯರೆಲ್ಲರೂ ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು, ಅದಿರಿನ ಲಾರಿಗಳು ಓಡುವ ದಾರಿಯ ಅಂಚಿನಲ್ಲಿ, ಕಾರಿನಿಂದ ಕೆಳಗಿಳಿದು, ಒಂದು ಮಧ್ಯಾಹ್ನ ಕುಳಿತು ಬರಲಿ. ಸಾಬೂನಿನ ಖರ್ಚನ್ನು ಅವರು ಪ್ರವಾಸ ಭತ್ಯೆಯಲ್ಲಿ ಸೇರಿಸಿಕೊಂಡರೆ ಜಿಲ್ಲೆಯ ಜನರದೇನೂ ತಕರಾರಿಲ್ಲ.