ಸೆರಗು ಕೇಳಿದರೆ ಶುಭೋದಯ

ಹುಬ್ಬಳ್ಳಿಯಲ್ಲಿರುವ ನನ್ನ ಸೋದರಮಾವನ ಇಳಕಲ್ ಸೀರೆ ಅಂಗಡಿಯ ಕಪಾಟುಗಳಿಗೆ ಚೀಟಿಯಿಲ್ಲ, ಬೇಕಾಗಿಯೂ ಇಲ್ಲ. "ಗಿರಿಕುಂಕುಮ ಬಣ್ಣ, ಗೋಮಿ ಅಂಚು, ತೋಪುತೆನೆ ಸೆರಗು" ಎಂದರೆ ಮಾವ ತಿರುಗಿಯೂ ನೋಡದೆ ಕೈ ಹಾಕಿ ಎಳೆಯುತ್ತಾರೆ. ಅದೇ ಸೀರೆಯ ಫೋಟೊ ಬೇಕೆಂದರೆ ಮಾತ್ರ ನಾಲ್ಕು ಮೊಬೈಲು, ಎರಡು ಪೆನ್‌ಡ್ರೈವ್ ಮತ್ತು ಒಬ್ಬ ಅತ್ತೆಯನ್ನು ಜಾಲಾಡಬೇಕು.

"ಓದಿದವಳು ನೀನು, ಇದನ್ನೊಂದು ನೆಟ್ಟಗೆ ಮಾಡು" ಎಂದು ದಸರೆಗೆ ಮುಂಚೆ ನನಗೆ ಒಪ್ಪಿಸಿದರು. ಎಲ್ಲರ ವಾಟ್ಸಾಪ್ ಫೋಟೊಗಳನ್ನೂ ಒಂದೇ ಫೋಲ್ಡರಿಗೆ ಸುರಿದೆ. ಇದೇ ಹೆಸರಿನ ಫೈಲ್ ಆಗಲೇ ಇದೆ, ಬದಲಾಯಿಸಲೇ ಎಂದು ಕಂಪ್ಯೂಟರು ಕೇಳಿತು. ಎಂಥ ವಿನಯ! ಎಲ್ಲಕ್ಕೂ ಹೌದು ಎಂದೆ. ವಾಟ್ಸಾಪ್ ಆ ದಿನದ ತಾರೀಖು ಹಾಕಿ, ಪಕ್ಕದಲ್ಲಿ 0012 ಎಂಬಂಥ ಸಂಖ್ಯೆ ಅಂಟಿಸುತ್ತದೆ. ಎಣಿಕೆ ಮಾತ್ರ ಮೊಬೈಲಿಗೊಂದು. ಮಾವನ ಹನ್ನೆರಡನೆಯದು ಸೀರೆ, ಅತ್ತೆಯ ಹನ್ನೆರಡನೆಯದು ತಾವರೆಯ ಮೇಲೆ ಸೂರ್ಯ ಹುಟ್ಟುವ "ಶುಭೋದಯ". ಅತ್ತೆ ಗೆದ್ದರು. ಮನೆಯಲ್ಲಿಯೂ ಹಾಗೆಯೇ ಬಿಡಿ.

ಸಂಖ್ಯೆ ಬಾಯಿಪಾಠವಾಗಿತ್ತಲ್ಲ, ತೆರೆದೂ ನೋಡದೆ ಬ್ಯಾನರಿಗೆ ಕಳುಹಿಸಿದೆ. ಎಂಟು ಅಡಿ ಸೂರ್ಯೋದಯ ಬಂತು, ಕೆಳಗೆ "ದಸರಾ ರಿಯಾಯಿತಿ". ಗಾಬರಿಯಲ್ಲಿ ಮೂಲ ಫೋಟೊ ಹುಡುಕಿ ಮತ್ತೆ ವಾಟ್ಸಾಪಿನಲ್ಲೇ ಕಳುಹಿಸಿದೆ. ಅದು ಫೋಟೊವನ್ನು ಹಿಂಡಿ ಸಣ್ಣದಾಗಿಸಿತು. ಸೆರಗಿನ ತೋಪುತೆನೆ ವಿನ್ಯಾಸದ ಸಾಲು ಹಲ್ಲುದುರಿದ ಬಾಚಣಿಗೆಯಾಯಿತು. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಹಿಂಡುವುದಿಲ್ಲ ಎಂಬ ಜ್ಞಾನೋದಯಕ್ಕೆ ಎರಡು ಬ್ಯಾನರ್ ಖರ್ಚಾಯಿತು.

ಆಮೇಲೆ ಫೈಲಿಗೆ ಹೆಸರಿಡಲು ನಿಯಮ ಮಾಡಿದೆ. ಮೊದಲು ವರ್ಷ, ನಂತರ ತಿಂಗಳು, ದಿನ. ದಿನವನ್ನು ಮುಂದಿಟ್ಟರೆ ಹನ್ನೆರಡು ತಿಂಗಳ ಒಂದನೇ ತಾರೀಖುಗಳೆಲ್ಲ ಒಟ್ಟಿಗೆ ಬಂದು ಕೂರುತ್ತವೆ, ಯುಗಾದಿಯ ಮಗ್ಗುಲಲ್ಲಿ ದೀಪಾವಳಿ. "ಸೀರೆಗೆ ಜಾತಕ ಬರೆಸುತ್ತೀಯಾ?" ಎಂದು ಗೊಣಗಿದರೂ ಮಾವ ಒಪ್ಪಿದರು. ಮರುದಿನ ನೋಡಿದರೆ ಫೈಲಿನ ಹೆಸರು: "2024-10-03 ಗದಗಿನ ಅಕ್ಕ ಮೂರು ಸಲ ನೋಡಿ ಬಿಟ್ಟುಹೋದದ್ದು".

"ಮಾವ, ಬಣ್ಣ, ಅಂಚು ಬರೆಯಿರಿ."

"ಬಣ್ಣ ಫೋಟೊದಲ್ಲೇ ಕಾಣುತ್ತದಲ್ಲ!"

ಉತ್ತರ ಹೊಳೆಯಲಿಲ್ಲ. ವಾರದ ಮೇಲೆ ಗದಗಿನಿಂದಲೇ ಫೋನು: ಅವತ್ತಿನ ಸೀರೆ ಇನ್ನೂ ಇದೆಯೇ, ಫೋಟೊ ಕಳುಹಿಸುತ್ತೀರಾ? ನಾನು ಫೋಲ್ಡರಿನೊಳಗೆ ಫೋಲ್ಡರು ತೆರೆಯುತ್ತ ಹಸಿರಿನಿಂದ ಕೆಂಪಿಗೆ ಬರುವಷ್ಟರಲ್ಲಿ ಮಾವ ಒಂದೇ ಬೆರಳಲ್ಲಿ "ಗದಗ" ಎಂದು ಒತ್ತಿ, ಫೋಟೊ ಕಳುಹಿಸಿ, ಸೀರೆ ಕಟ್ಟಲು ಕಾಗದ ಹುಡುಕುತ್ತಿದ್ದರು.